ಮೆಂಟರ್ ಪುಸ್ತಕಕ್ಕೆ ಒಂದು ಪುಟ ಸೇರಿಸಿ: ದಾವಣಗೆರೆ ವಿಶ್ವವಿದ್ಯಾನಿಲಯದ ಕುಲಪತಿಗಳಿಗೆ ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,
ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜುಗಳ ಪ್ರಾಂಶುಪಾಲರೇ,

ನಮಸ್ಕಾರಗಳು.

ನಮ್ಮ ಎರಡೂ ಜಿಲ್ಲೆಗಳಲ್ಲಿ ಯಾವುದೇ ಪದವಿ ಕಾಲೇಜಿನ ಸ್ಟಾಫ್ ರೂಮಿಗೆ ಹೋಗಿ ಬೀರು ತೆಗೆಸಿದರೆ ಮೆಂಟರ್ ಪುಸ್ತಕಗಳ ಕಟ್ಟು ಸಿಗುತ್ತದೆ. ಮೆಂಟರ್ ಎಂದರೆ ಕೆಲವು ವಿದ್ಯಾರ್ಥಿಗಳ ಯೋಗಕ್ಷೇಮ ನೋಡಿಕೊಳ್ಳಲು ಗೊತ್ತುಮಾಡಿದ ಅಧ್ಯಾಪಕ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಅವಕ್ಕೆ ಹೊಸ ರಟ್ಟು, ಹೊಸ ಲೇಬಲ್ಲು. ಒಳಗೆ ವಿದ್ಯಾರ್ಥಿಯ ಫೋಟೊ, ತಂದೆಯ ಉದ್ಯೋಗ, ಪಿಯುಸಿ ಅಂಕ, ರಕ್ತದ ಗುಂಪು, ಮೊಬೈಲ್ ನಂಬರು, ತಿಂಗಳಿಗೊಂದು ಸಹಿ. ‘ವಿದ್ಯಾರ್ಥಿಯ ಸಮಸ್ಯೆ’ ಎಂಬ ಕಾಲಮ್ಮಿನಲ್ಲಿ ‘ಬಸ್ಸಿನ ತೊಂದರೆ’ ಇಲ್ಲವೇ ‘ಇಲ್ಲ’. ಪಕ್ಕದ ‘ಕೈಗೊಂಡ ಕ್ರಮ’ದಲ್ಲಿ ‘ಸಲಹೆ ನೀಡಲಾಯಿತು’. ಪದವಿ ಮುಗಿಯುವಷ್ಟರಲ್ಲಿ ಒಬ್ಬೊಬ್ಬ ಹುಡುಗನಿಗೆ ಎಷ್ಟು ಸಲಹೆ ನೀಡಲಾಗಿದೆ ಎಂದು ಲೆಕ್ಕ ಹಾಕಿದರೆ ನಮ್ಮ ಕಾಲೇಜುಗಳಿಂದ ಬರೀ ಸಾಧು ಸಂತರೇ ಹೊರಬರಬೇಕಿತ್ತು.

ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ. ನನ್ನ ಹೆಸರಿನಲ್ಲೂ ಇಂಥ ಪುಸ್ತಕಗಳಿವೆ. ಅವನ್ನು ರದ್ದು ಮಾಡಿ ಎಂದು ನಾನು ಕೇಳುತ್ತಿಲ್ಲ. ಒಂದೇ ಒಂದು ಪುಟ ಸೇರಿಸಿ ಎಂದು ಕೇಳುತ್ತಿದ್ದೇನೆ. ಒಬ್ಬ ವಿದ್ಯಾರ್ಥಿ ಒಳಗೊಳಗೇ ಕುಸಿಯುತ್ತಿದ್ದಾನೆ ಎಂದು ಮೆಂಟರಿಗೆ ಅನ್ನಿಸಿದ ದಿನ ಅವನನ್ನು ಯಾರ ಹತ್ತಿರ ಕಳಿಸಬೇಕು, ಯಾವ ವಾರ, ಎಷ್ಟು ಗಂಟೆಗೆ, ಜೊತೆಗೆ ಯಾರು ಹೋಗಬೇಕು ಎಂಬುದು ಆ ಪುಟದಲ್ಲಿ ಬರೆದಿರಬೇಕು. ನಾನು ನೋಡಿದ ಯಾವ ಮೆಂಟರ್ ಪುಸ್ತಕದಲ್ಲೂ ಅಂಥ ಪುಟವಿಲ್ಲ.

ಮಾನಸಿಕ ಆರೋಗ್ಯದ ಬಗ್ಗೆ ಕಾರ್ಯಕ್ರಮಗಳೇ ಆಗುತ್ತಿಲ್ಲ ಎಂದರೆ ತಪ್ಪಾದೀತು. ವಿಶ್ವ ಮಾನಸಿಕ ಆರೋಗ್ಯ ದಿನವಾದ ಅಕ್ಟೋಬರ್ 10 ಬಂದರೆ ಸೆಮಿನಾರ್ ಹಾಲಿನಲ್ಲಿ ಬ್ಯಾನರ್ ಏಳುತ್ತದೆ, ಗಿಡಕ್ಕೆ ನೀರೆರೆದು ಉದ್ಘಾಟನೆ ಆಗುತ್ತದೆ, ಅತಿಥಿಗಳು ಯೋಗ, ಧ್ಯಾನ, ಸಕಾರಾತ್ಮಕ ಚಿಂತನೆಯ ಬಗ್ಗೆ ಒಂದು ಗಂಟೆ ಮಾತಾಡುತ್ತಾರೆ. ವಿದ್ಯಾರ್ಥಿಗಳು ಕೇಳಿಸಿಕೊಂಡು ಬಸ್ಸಿಗೆ ಓಡುತ್ತಾರೆ. ಮಾರನೆಯ ದಿನ ಬಿಕಾಂ ಎರಡನೇ ವರ್ಷದ ಹುಡುಗಿಯೊಬ್ಬಳು ಕಾರಿಡಾರಿನಲ್ಲಿ ಅಳುತ್ತಾ ನಿಂತಿದ್ದರೆ ನಾವು ಅಧ್ಯಾಪಕರು ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ಗುರುತಿಸುವುದು ನಮಗೆ ತೀರಾ ಕಷ್ಟವೇನಲ್ಲ. ನಿತ್ಯ ಹಾಜರಿ ಕೂಗುವವನಿಗೆ ಯಾರು ಬರುತ್ತಿಲ್ಲ ಎಂಬುದು ಗೊತ್ತೇ ಇರುತ್ತದೆ. ಮುಂದಿನ ಬೆಂಚಿನ ಹುಡುಗ ಕಿಟಕಿಯ ಪಕ್ಕಕ್ಕೆ, ಅಲ್ಲಿಂದ ಕೊನೆಯ ಬೆಂಚಿಗೆ, ಅಲ್ಲಿಂದ ಕ್ಯಾಂಟೀನಿನ ಹಿಂದಕ್ಕೆ ಸರಿಯುವುದು ಕಣ್ಣಿಗೆ ಬೀಳುತ್ತದೆ. ಅಂದವಾಗಿ ಬರೆಯುತ್ತಿದ್ದವಳ ಇಂಟರ್ನಲ್ಸ್ ಪೇಪರಿನಲ್ಲಿ ಬರೀ ಪ್ರಶ್ನೆಗಳನ್ನು ನಕಲು ಮಾಡಿದ್ದು ಕಾಣುತ್ತದೆ. ಅಧ್ಯಾಪಕರಿಗಿಂತ ಮೊದಲೇ ಕಾಣುವವರೂ ಇದ್ದಾರೆ. ಬಿಸಿಎಂ ಹಾಸ್ಟೆಲಿನ ಅಡುಗೆಯವರಿಗೆ ಯಾರು ರಾತ್ರಿ ಊಟಕ್ಕೆ ಬಂದಿಲ್ಲ ಎಂಬುದು ವಾರ್ಡನ್ನಿಗಿಂತ ಚೆನ್ನಾಗಿ ಗೊತ್ತು. ನಮ್ಮ ಅಟೆಂಡರ್ ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, ‘ಸರ್, ಆ ಹುಡುಗ ಮೂರು ದಿನದಿಂದ ಲೈಬ್ರರಿ ಹಿಂದ ಒಬ್ನೇ ಕುಂದರ್ತಾನ, ನೋಡ್ರಿ’ ಎಂದಿದ್ದರು. ಯಾವ ಕಾರ್ಯಾಗಾರಕ್ಕೂ ಹೋಗದ ಮನುಷ್ಯ ಅವರು. ತರಬೇತಿ ಕೊಡುವುದಾದರೆ ದಯವಿಟ್ಟು ಪಿಎಚ್‌ಡಿ ಆದವರನ್ನಷ್ಟೇ ಕೂರಿಸಬೇಡಿ, ಅಟೆಂಡರ್, ಲೈಬ್ರರಿಯನ್, ಹಾಸ್ಟೆಲ್ ಅಡುಗೆಯವರು, ಆಫೀಸಿನ ಫೀಸ್ ಕೌಂಟರಿನವರು ಎಲ್ಲರನ್ನೂ ಕರೆಯಿರಿ.

ಕಲಿಯಬೇಕಾದದ್ದೇ ಇಲ್ಲ ಎಂದಲ್ಲ. ನಮ್ಮ ಕಡೆಯ ಮಕ್ಕಳು ಬಂದು ‘ನನಗೆ ಖಿನ್ನತೆ’ ಎಂದು ಹೇಳುವುದಿಲ್ಲ. (ರೀಲ್ಸ್ ನೋಡಿ ‘ಡಿಪ್ರೆಶನ್’ ಎನ್ನುವವರು ಈಚೆಗೆ ಇದ್ದಾರೆ. ಅವರನ್ನೂ ನಾಟಕ ಎಂದು ತಳ್ಳಿಹಾಕುವ ಹಕ್ಕು ನಮಗಿಲ್ಲ.) ‘ತಲಿ ಭಾರ ಆಗೇತಿ ಸರ್’, ‘ಎದಿ ಹಿಡ್ಕಂಡಂಗ ಆಗ್ತೈತಿ’, ‘ನಿದ್ದೀನೇ ಬರವಲ್ದು’, ‘ಯಾಕೋ ಬ್ಯಾಸರ’ ಎನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿಸುತ್ತಾರೆ, ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಾರೆ. ಮನಸ್ಸಿನ ನೋವು ಮೈಯ ನೋವಾಗಿ ಬರುತ್ತದೆ ಎಂಬುದು ಮೆಂಟರಿಗೆ ಗೊತ್ತಿದ್ದರೆ ‘ಆಸ್ಪತ್ರೆಗೆ ತೋರಿಸ್ಕೋ’ ಎಂದು ಸುಮ್ಮನಾಗದೆ ಇನ್ನೆರಡು ಮಾತು ಕೇಳಬಹುದು. ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಎರಡು ವಾರವಾದರೂ ದಿನದ ಬಹುಪಾಲು ಅದೇ ಸ್ಥಿತಿ, ಊಟ ನಿದ್ದೆ ಕೆಟ್ಟು, ಮೊದಲು ಇಷ್ಟವಿದ್ದುದರಲ್ಲೂ ಆಸಕ್ತಿ ಹೋಗಿದ್ದರೆ ಅದು ವೈದ್ಯರು ನೋಡಬೇಕಾದ ವಿಷಯ. ಇಷ್ಟು ಸರಳ ಅಳತೆಗೋಲೂ ನಮ್ಮ ಕೈಯಲ್ಲಿಲ್ಲ.

ಇನ್ನೊಂದು ಬಗೆಯನ್ನು ನಾವು ಪೂರ್ತಿ ತಪ್ಪಾಗಿ ಓದುತ್ತೇವೆ. ಒಬ್ಬ ಹುಡುಗ ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನುತ್ತಾನೆ, ಯಾರೂ ಇಲ್ಲದಾಗ ಉತ್ತರ ಕೊಡುತ್ತಾನೆ, ಗೆಳೆಯರ ಮೇಲೆ ಸುಮ್ಮಸುಮ್ಮನೆ ಅನುಮಾನಪಡುತ್ತಾನೆ. ಕ್ಲಾಸಿನಲ್ಲಿ ಅವನಿಗೊಂದು ಅಡ್ಡಹೆಸರು ಬೀಳುತ್ತದೆ, ಸ್ಟಾಫ್ ರೂಮಿನಲ್ಲಿ ‘ಸೇದಿರಬೇಕು’ ಎಂಬ ತೀರ್ಪು ಬರುತ್ತದೆ. ಇಂಥ ತೀವ್ರ ಕಾಯಿಲೆ ಶುರುವಾಗುವುದು ಹೆಚ್ಚಾಗಿ ಈ ಹದಿನೆಂಟು–ಇಪ್ಪತ್ತೈದರ ವಯಸ್ಸಿನಲ್ಲೇ. ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಅಂದರೆ ಆ ಹುಡುಗನ ಬದುಕಿನ ಅತಿ ಮುಖ್ಯವಾದ ತಿಂಗಳುಗಳು ನಮ್ಮ ಹಾಜರಿ ಪುಸ್ತಕದಲ್ಲಿ ಗೈರು ಎಂದು ದಾಖಲಾಗಿ ಕಳೆದುಹೋಗುತ್ತವೆ.

ಇವೆಲ್ಲಕ್ಕೂ ಕಾಯಿಲೆಯೇ ಕಾರಣ ಎಂದು ನಾನು ಹೇಳುವುದಿಲ್ಲ. ಜಗಳೂರಿನ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಬಿಎಸ್ಸಿಗೆ ಸೇರಿದವನಿಗೆ ಮೊದಲ ಸೆಮಿಸ್ಟರಿನಲ್ಲಿ ಏನೂ ಅರ್ಥವಾಗುವುದಿಲ್ಲ. ಬ್ಯಾಕ್ ಪೇಪರ್ ಒಂದಕ್ಕೆ ನಾಲ್ಕಾಗುತ್ತವೆ. ಸ್ಕಾಲರ್‌ಶಿಪ್ ಬಾರದೆ ಫೀಸಿಗೆ ಮೊಬೈಲ್ ಆ್ಯಪಿನಲ್ಲಿ ಸಾಲ ಮಾಡಿದವನಿಗೆ ವಸೂಲಿಯವರು ಗಂಟೆಗೊಮ್ಮೆ ಫೋನ್ ಮಾಡುತ್ತಾರೆ. ನಾಲ್ಕನೇ ಸೆಮಿಸ್ಟರಿನ ಹುಡುಗಿಗೆ ಗಂಡು ನೋಡಿ ಬಂದಿರುತ್ತಾರೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಮೇಲೆ ದೂರದ ಊರುಗಳಿಂದ ಓಡಾಡುವ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು, ಮನೆಯೊಳಗಿನ ಒತ್ತಡ ತಪ್ಪಲಿಲ್ಲ. ಜಾತಿಯ ಹೆಸರಿನಲ್ಲಿ ಹಾಸ್ಟೆಲಿನಲ್ಲಿ ಅವಮಾನವಾದವನಿಗೆ, ಯಾರದೋ ಕಿರುಕುಳದಿಂದ ಕ್ಲಾಸಿಗೆ ಬರಲು ಹೆದರುವವಳಿಗೆ ಕೌನ್ಸೆಲಿಂಗ್ ಒಂದೇ ಮದ್ದಲ್ಲ. ಅಲ್ಲಿ ಕೆಲಸ ಮಾಡಬೇಕಾದದ್ದು ರ‍್ಯಾಗಿಂಗ್ ವಿರೋಧಿ ಸಮಿತಿ, ಆಂತರಿಕ ದೂರು ಸಮಿತಿ, ಕೆಲವೊಮ್ಮೆ ಪೊಲೀಸರು. ನೊಂದವರನ್ನೇ ‘ಮನಸ್ಸು ಗಟ್ಟಿ ಮಾಡ್ಕೋ’ ಎಂದು ಆಪ್ತಸಮಾಲೋಚನೆಗೆ ಕಳಿಸಿ, ನೋಯಿಸಿದವರನ್ನು ಹಾಗೇ ಬಿಡುವುದು ನಮ್ಮ ಸಂಸ್ಥೆಗಳಿಗೆ ಬಹಳ ಸುಲಭವಾಗಿ ಬರುವ ಚಟ.

ಈಗ ಕಠಿಣವಾದ ಮಾತಿಗೆ ಬರುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ಊರಿನಲ್ಲಿ ‘ಹೊಟ್ಟೆನೋವಿಗೆ’ ಎಂದು ಹೇಳಿ ಮುಗಿಸಿದ ಸಾವುಗಳು ಇದರಲ್ಲಿ ಎಷ್ಟು ಸೇರಿವೆ, ಎಷ್ಟು ಸೇರಿಲ್ಲ, ಯಾರಿಗೆ ಗೊತ್ತು. ಹೀಗಿದ್ದೂ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೆದರುವ ಒಂದು ಪ್ರಶ್ನೆಯಿದೆ. ‘ಸಾಯಬೇಕು ಅಂತ ಏನಾದ್ರೂ ಅನ್ನಿಸ್ತಿದೆಯೇನಪ್ಪ?’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂದು ನನ್ನ ಹಿರಿಯ ಸಹೋದ್ಯೋಗಿಗಳು ನಂಬಿದ್ದಾರೆ. ಸಂಶೋಧನೆಗಳು ಹೇಳುವುದು ಬೇರೆ: ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ಹೊತ್ತುಕೊಂಡವರಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ಕೇಳುವ ರೀತಿ ಇದೆ. ಬಾಗಿಲ ಬಳಿ ನಿಂತು, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ಕೇಳುವುದಲ್ಲ. ಕೂರಿಸಿಕೊಂಡು, ಫೋನ್ ಪಕ್ಕಕ್ಕಿಟ್ಟು, ಉತ್ತರ ಬರುವವರೆಗೆ ಸುಮ್ಮನಿದ್ದು ಕೇಳಬೇಕು. ‘ಹೌದು ಸರ್’ ಎಂದರೆ ಗಾಬರಿಯಾಗದೆ ಮುಂದೆ ಕೇಳಬೇಕು, ಆ ಹೊತ್ತಿನಲ್ಲಿ ಒಬ್ಬರನ್ನೇ ಬಿಡಬಾರದು. ಗೆಳೆಯರಿಗೆ ತನ್ನ ವಸ್ತುಗಳನ್ನು ಹಂಚುವುದು, ವಿದಾಯ ಹೇಳುವಂಥ ವಾಟ್ಸ್‌ಆ್ಯಪ್ ಸ್ಟೇಟಸ್ಸು, ‘ಇನ್ನು ಯಾರಿಗೂ ಭಾರ ಆಗಂಗಿಲ್ಲ’ ಎಂಬಂಥ ಮಾತು, ಬಹಳ ದಿನ ಕಂಗೆಟ್ಟಿದ್ದವರು ಒಮ್ಮೆಲೇ ನಿರಾಳವಾಗಿ ಕಾಣುವುದು, ಇವು ಕಂಡ ದಿನವೇ ಕೇಳಬೇಕು, ನಾಳೆಗೆ ಇಡುವಂತಿಲ್ಲ.

ಹೇಳಬಾರದ ಮಾತುಗಳೂ ಇವೆ. ‘ನಿಮ್ಮಪ್ಪ ಅಮ್ಮನ ಮುಖ ನೋಡು’, ‘ನಮ್ಮ ಕಾಲದಾಗ ಚಪ್ಪಲಿನೂ ಇರ್ಲಿಲ್ಲ’, ‘ಓದಿದ್ರೆ ಎಲ್ಲಾ ಸರಿಹೋಗ್ತದೆ’. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಕೇಳುವವನ ಬಾಯಿ ಮಾತ್ರ ಅಲ್ಲಿಗೇ ಮುಚ್ಚಿಹೋಗುತ್ತದೆ.

ಇಷ್ಟನ್ನೂ ಅರ್ಧ ದಿನದಲ್ಲಿ ಕಲಿಸಬಹುದು. ಮೆಂಟರ್ ಚಿಕಿತ್ಸೆ ಕೊಡಬೇಕಾಗಿಲ್ಲ. ಕೊಡಲೂ ಬಾರದು. ತಾನೇ ಕೌನ್ಸೆಲರ್ ಎಂದುಕೊಂಡು ರಾತ್ರಿ ಹನ್ನೊಂದಕ್ಕೆಲ್ಲ ಮೆಸೇಜ್ ಮಾಡುತ್ತಾ ಕೂರುವ ಅಧ್ಯಾಪಕರನ್ನೂ ನೋಡಿದ್ದೇನೆ. ಅದು ಇಬ್ಬರಿಗೂ ಒಳ್ಳೆಯದಲ್ಲ. ನೋಡುವುದು, ಕೇಳಿಸಿಕೊಳ್ಳುವುದು, ತಲುಪಿಸುವುದು, ಅಲ್ಲಿಗೆ ಮೆಂಟರ್ ಕೆಲಸ ಮುಗಿಯಿತು. ಈ ಮೂರನೆಯದರಲ್ಲೇ ನಾವು ಸೋಲುತ್ತಿರುವುದು.

ಒಂದು ಘಟನೆ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ನನ್ನ ಸಹೋದ್ಯೋಗಿ ಮೇಡಂ ಒಬ್ಬರು ತಮ್ಮ ಮೆಂಟೀ ಹುಡುಗಿಯೊಬ್ಬಳು ದಿನೇ ದಿನೇ ಬಾಡುತ್ತಿರುವುದನ್ನು ಕಂಡು, ಕೂರಿಸಿ ಮಾತಾಡಿಸಿ, ವೈದ್ಯರನ್ನು ಕಾಣಲು ಒಪ್ಪಿಸಿದರು. ಒಪ್ಪಿಸಿದ್ದೇ ದೊಡ್ಡ ಕೆಲಸ. ಆಮೇಲೆ ಎಲ್ಲಿಗೆ? ‘ದಾವಣಗೆರೆಗೆ ಕಳಿಸ್ರಿ’ ಎಂದರು ಎಲ್ಲರೂ. ಅವಳು ಗೆಳತಿಯನ್ನು ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ನಗರದ ಒಂದು ದೊಡ್ಡ ಆಸ್ಪತ್ರೆಗೆ ಹೋದಳು. ಚೀಟಿ ಮಾಡಿಸುವ ಸಾಲಿನಲ್ಲಿ ‘ಏನಾಗೈತಿ?’ ಎಂದು ಎಲ್ಲರೆದುರು ಕೇಳಿದ್ದಕ್ಕೆ ‘ತಲೆನೋವು’ ಎಂದಳು. ತಲೆನೋವಿನ ಕೋಣೆಗೆ ಕಳಿಸಿದರು. ಅಲ್ಲಿಂದ ಇನ್ನೊಂದು ಕೋಣೆ. ಸರಿಯಾದ ವಿಭಾಗ ಸಿಗುವಷ್ಟರಲ್ಲಿ ಹೊರರೋಗಿಗಳ ಸಮಯ ಮುಗಿದಿತ್ತು. ಸಂಜೆ ಮನೆಗೆ ತಡವಾಗಿ ಹೋಗಿ ಬೈಸಿಕೊಂಡಳು. ಆಮೇಲೆ ವಾರಗಟ್ಟಲೆ ಫೋನ್ ಸ್ವಿಚ್ ಆಫ್. ಕೊನೆಗೆ ಅವಳಿಗೆ ಚಿಕಿತ್ಸೆ ಸಿಕ್ಕಿದ್ದು ಮೇಡಂ ಅವರ ಬೀಗರ ಕಡೆಯವರೊಬ್ಬರು ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತರಾಗಿದ್ದರಿಂದ. ಅವರು ‘ಇಂಥ ದಿನ ಹತ್ತು ಗಂಟೆಗೆ ಬರ್ಲಿ, ಬಾಗ್ಲಾಗೇ ನಾನು ಇರ್ತೀನಿ’ ಎಂದರು. ಅಷ್ಟೇ ಸಾಕಾಯಿತು. ಅವಳು ಈಗ ಅಂತಿಮ ವರ್ಷದಲ್ಲಿದ್ದಾಳೆ, ನಗುತ್ತಾಳೆ, ಬ್ಯಾಕ್ ಪೇಪರ್ ಒಂದು ಬಾಕಿಯಿದೆ.

ಅಂದಿನಿಂದ ನಮ್ಮ ಸ್ಟಾಫ್ ರೂಮಿನ ಇಡೀ ರೆಫರಲ್ ವ್ಯವಸ್ಥೆ ಎಂದರೆ ಆ ಬೀಗರ ಮೊಬೈಲ್ ನಂಬರು. ಅವರಿಗೆ ವರ್ಗವಾದರೆ ಅದೂ ಇಲ್ಲ. ಬೀಗರಿಲ್ಲದ ಮೆಂಟರುಗಳ ವಿದ್ಯಾರ್ಥಿಗಳು ಏನು ಮಾಡಬೇಕು?

ದಾವಣಗೆರೆಯಂಥ ಊರಿನಲ್ಲಿ ಈ ಸ್ಥಿತಿ ಇರಬೇಕಾಗಿಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. 1965ರಿಂದ ಜೆಜೆಎಂ ಮೆಡಿಕಲ್ ಕಾಲೇಜಿದೆ, ಎಸ್ಸೆಸ್ ವೈದ್ಯಕೀಯ ಸಂಸ್ಥೆಯಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಅದರ ತಂಡದಲ್ಲಿ ಮನೋವೈದ್ಯರ ಜೊತೆ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಶುಶ್ರೂಷಕರು ಇರಬೇಕೆಂಬುದು ನಿಯಮ. ಕಾಲೇಜುಗಳಲ್ಲಿ ಆಪ್ತಸಮಾಲೋಚನೆಯೂ ಆ ಕಾರ್ಯಕ್ರಮದ ಒಂದು ಭಾಗ. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ಏರ್ಪಾಡು ಮಾಡಲಾಯಿತು. ಇದು ಆ ಹುಡುಗಿಗೆ ಗೊತ್ತಿರಲಿಲ್ಲ, ಅವಳ ಮೆಂಟರಿಗೂ ಗೊತ್ತಿರಲಿಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ, ಬಳಲುವವರಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ. ವೈದ್ಯರ ಕೊರತೆ ಅದಕ್ಕೆ ಒಂದು ಕಾರಣ, ನಿಜ. ಇರುವ ವೈದ್ಯರ ಬಾಗಿಲು ಎಲ್ಲಿದೆ ಎಂದು ಹೇಳುವವರಿಲ್ಲದಿರುವುದು ಇನ್ನೊಂದು.

ವಿಶೇಷಜ್ಞರಲ್ಲದವರು ಗುರುತಿಸಿ ಕಳಿಸುವುದು ನಡೆಯುವ ಮಾತೇ ಎಂದು ಕೇಳುವವರಿಗೆ ಉತ್ತರ ಪಕ್ಕದ ಜಿಲ್ಲೆಯಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಸಿಬ್ಬಂದಿಗೆ ಸಣ್ಣ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯವರನ್ನು ಊರಿನಲ್ಲೇ ಗುರುತಿಸಿ ಚಿಕಿತ್ಸೆಗೆ ತರುವ ವ್ಯವಸ್ಥೆ ಮಾಡಿ ತೋರಿಸಿದರು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಆ ಬಳ್ಳಾರಿ ಮಾದರಿಯಿಂದ. ಆ ಕಾಲಕ್ಕೆ ಬಳ್ಳಾರಿಗೆ ಸೇರಿದ್ದ ಹರಪನಹಳ್ಳಿ ಆಮೇಲೆ 1997ರಿಂದ 2018ರವರೆಗೆ ನಮ್ಮ ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು ಆಗಲೇ ಮಾಡಿದ್ದನ್ನು ಎಂಎ ಓದಿದ ನಾವು ಮಾಡಲಾರೆವೇ?

ಕಾನೂನು, ಆದೇಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ಕಚೇರಿಗೆ ಅವು ನನಗಿಂತ ಮೊದಲೇ ಬಂದಿರುತ್ತವೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಅರ್ಹ ಆಪ್ತಸಮಾಲೋಚಕರೊಬ್ಬರು ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಅಧಿಕೃತವಾಗಿ ರೆಫರಲ್ ಸಂಪರ್ಕ ಇಟ್ಟುಕೊಳ್ಳಬೇಕು. ಬೋಧಕ, ಬೋಧಕೇತರ ಸಿಬ್ಬಂದಿ ಎಲ್ಲರಿಗೂ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಬೇಕು. ಸಹಾಯವಾಣಿ ನಂಬರುಗಳನ್ನು ಹಾಸ್ಟೆಲಿನಲ್ಲಿ, ತರಗತಿಗಳಲ್ಲಿ ಕಾಣುವಂತೆ ಹಾಕಬೇಕು. ಆದೇಶ ಚೆನ್ನಾಗಿದೆ. ಭದ್ರಾ ಡ್ಯಾಮಿನಲ್ಲಿ ಗೇಟು ಎತ್ತಿದ ಸುದ್ದಿ ಪೇಪರಿನಲ್ಲಿ ಓದಿ, ಕೊನೆಯಂಚಿನ ಕಾಲುವೆಯಲ್ಲಿ ಒಣಗಿದ ಹೂಳು ನೋಡುವ ರೈತನ ಪಾಡು ಈ ಭಾಗದವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಆ ಕೊನೆಯಂಚಿನಲ್ಲಿ ನಿಂತಿರುವವರು ಯಾರೆಂದೂ ನೋಡಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗ ನಡೆಯುವುದು ನನ್ನಂಥ ಅತಿಥಿ ಉಪನ್ಯಾಸಕರಿಂದ. ನಮ್ಮ ಗೌರವಧನ ತರಗತಿಯ ಗಂಟೆಗಳಿಗೆ. ಮೆಂಟರ್ ಕೆಲಸಕ್ಕೆ ಗಂಟೆಯೂ ಇಲ್ಲ, ಜಾಗವೂ ಇಲ್ಲ. ಒಬ್ಬ ಹುಡುಗಿ ಮನಸ್ಸು ಬಿಚ್ಚಿ ಮಾತಾಡಬೇಕಾದರೆ ಹನ್ನೆರಡು ಕುರ್ಚಿಯ ಸ್ಟಾಫ್ ರೂಮಿನಲ್ಲಿ, ಚಹಾ ಬರುವ ಹೊತ್ತಿನಲ್ಲಿ ಮಾತಾಡಬೇಕು. ವರ್ಷದ ಕೊನೆಗೆ ನಮ್ಮ ನೇಮಕಾತಿಯೇ ಮುಗಿಯುತ್ತದೆ. ಮುಂದಿನ ವರ್ಷ ಕೌನ್ಸೆಲಿಂಗಿನಲ್ಲಿ ಬೇರೆ ಕಾಲೇಜು ಸಿಗಬಹುದು. (ಹೌದು, ಅತಿಥಿ ಉಪನ್ಯಾಸಕರಿಗೆ ಸಿಗುವ ಕೌನ್ಸೆಲಿಂಗ್ ಅದೊಂದೇ.) ಮೆಂಟರ್ ಹೋದರೂ ದಾರಿ ಉಳಿಯಬೇಕು ಎಂಬ ಕಾರಣಕ್ಕೇ ಅದು ಕಾಗದದ ಮೇಲೆ ಇರಬೇಕು, ಯಾರದೋ ಬೀಗರ ಮೊಬೈಲಿನಲ್ಲಲ್ಲ.

ಹಾಗಾಗಿ ವಿಶ್ವವಿದ್ಯಾನಿಲಯ ಪ್ರತಿ ತಾಲ್ಲೂಕಿಗೆ ಒಂದು ಪುಟ ಸಿದ್ಧಪಡಿಸಲಿ. ಹೊನ್ನಾಳಿಗೆ ಬೇರೆ, ಚನ್ನಗಿರಿಗೆ ಬೇರೆ, ಚಳ್ಳಕೆರೆ, ಮೊಳಕಾಲ್ಮೂರಿಗೆ ಬೇರೆ. ಜಿಲ್ಲಾ ಆರೋಗ್ಯ ಇಲಾಖೆಯ ಜೊತೆ ಒಂದು ಸಭೆಯಲ್ಲಿ ಆಗುವ ಕೆಲಸ ಇದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ದಿನ, ಸಮಯ, ಕೋಣೆ. ಜಿಲ್ಲಾ ತಂಡದ ಕಚೇರಿಯ ಫೋನು, ವ್ಯಕ್ತಿಯದಲ್ಲ, ಹುದ್ದೆಯದು. ಕಾಲೇಜಿನಲ್ಲಿ ಇದಕ್ಕೆಂದೇ ಗೊತ್ತುಮಾಡಿದ ಇಬ್ಬರು, ಅವರಲ್ಲಿ ಒಬ್ಬರಾದರೂ ಮಹಿಳೆ. ಜೀವಕ್ಕೆ ಅಪಾಯ ಎನ್ನಿಸಿದಾಗ 108, 112. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಈ ನಂಬರಿಗೆ ಫೋನ್ ಮಾಡಲು ದುಡ್ಡು ಬೇಕಿಲ್ಲ, ಯಾರ ಚೀಟಿಯೂ ಬೇಕಿಲ್ಲ. ಮಗುವಿನ ಬಗ್ಗೆ ಏನು ಮಾಡಬೇಕೆಂದು ತೋಚದ ಅಧ್ಯಾಪಕರೂ ಮಾಡಬಹುದು. ಇದನ್ನು ಓದುತ್ತಿರುವ ವಿದ್ಯಾರ್ಥಿ ಯಾರಾದರೂ ಇದ್ದರೆ, ಪುಟ ಬರುವವರೆಗೆ ಕಾಯಬೇಡಿ, ಇವತ್ತೇ ಮಾಡಿ.

ನಂಬರು ಕೈಗಿಟ್ಟು ‘ಫೋನ್ ಮಾಡ್ಕೋ’ ಎಂದರೆ ಬಹಳಷ್ಟು ಮಕ್ಕಳು ಮಾಡುವುದಿಲ್ಲ. ಪಕ್ಕದಲ್ಲಿ ಕೂತು ಮಾಡಿಸಬೇಕು. ಆಸ್ಪತ್ರೆಗೆ ಮೊದಲ ಸಲ ಯಾರಾದರೂ ಜೊತೆಗೆ ಹೋಗಬೇಕು. ಆ ಹೋದವರ ಅರ್ಧ ದಿನವನ್ನು ಓಓಡಿ (ಕೆಲಸದ ಮೇಲೆ ಹೊರಗೆ ಹೋದದ್ದು) ಎಂದು ಪರಿಗಣಿಸಿ. ವಿದ್ಯಾರ್ಥಿಗೂ ಹಾಗೆಯೇ. ಶೇ 75ರ ಹಾಜರಾತಿ ಎಂಬುದು ನಮ್ಮ ಮಕ್ಕಳನ್ನು ಆಸ್ಪತ್ರೆಯಿಂದ ದೂರವಿಡುವ ಕಾರಣಗಳಲ್ಲಿ ಒಂದು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಹದಿನೈದು ದಿನಕ್ಕೊಮ್ಮೆ ಬನ್ನಿ ಎಂದು ಡಾಕ್ಟರ್ ಹೇಳುತ್ತಾರೆ. ಒಂದು ಸೆಮಿಸ್ಟರಿನಲ್ಲಿ ಅದು ಎಷ್ಟು ದಿನವಾಯಿತು? ರಜೆ ಕೇಳಬೇಕಾದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಕ್ಲಾಸಿಗೆಲ್ಲ ಗೊತ್ತಾಗುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ವಿಭಾಗದ ಹೆಸರು ಕೇಳದೆ ಹಾಜರಾತಿ ಕೊಡುವ ಸುತ್ತೋಲೆ ಹೊರಡಿಸಿ. ತಪ್ಪಿದ ಇಂಟರ್ನಲ್ಸ್‌ಗೆ ಮರುಪರೀಕ್ಷೆ ಕೊಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಗುಟ್ಟಿನ ವಿಷಯ ಇನ್ನೂ ಸೂಕ್ಷ್ಮ. ಮೆಂಟರ್ ಪುಸ್ತಕ ನ್ಯಾಕ್ ತಂಡದ ಕೈಗೆ ಹೋಗುತ್ತದೆ, ಕಾಲೇಜಿನ ಗುಣಮಟ್ಟ ಘಟಕವಾದ ಐಕ್ಯೂಎಸಿಯ ಕೋಣೆಯಲ್ಲಿ ತೆರೆದು ಬಿದ್ದಿರುತ್ತದೆ. ಅದರಲ್ಲಿ ಒಬ್ಬರ ಮನಸ್ಸಿನ ಕಾಯಿಲೆಯ ವಿವರ ಬರೆಯಬೇಕೆಂದು ಯಾರೂ ಒತ್ತಾಯಿಸಬಾರದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಚಿಕಿತ್ಸೆಯ ವಿವರಗಳ ಗೌಪ್ಯತೆಯನ್ನು ಹಕ್ಕು ಎಂದೇ ಹೇಳುತ್ತದೆ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಹೇಳಬೇಕಾದವರಿಗೆ ಹೇಳಲೇಬೇಕಾಗುತ್ತದೆ. ಅದನ್ನು ವಿದ್ಯಾರ್ಥಿಗೆ ಮೊದಲೇ ತಿಳಿಸುವುದು ಮರ್ಯಾದೆ. ‘ಯಾರಿಗೂ ಹೇಳಲ್ಲ’ ಎಂದು ಆಣೆ ಮಾಡಿ ಆಮೇಲೆ ಮನೆಗೆ ಫೋನ್ ಮಾಡಿದರೆ ಆ ಹುಡುಗ ಮತ್ತೆ ಯಾರ ಬಳಿಯೂ ಬಾಯಿ ಬಿಡುವುದಿಲ್ಲ. ಸಾಯುವ ಪ್ರಯತ್ನ ಮಾಡಿದವರ ಮೇಲೆ ಕೇಸಾಗುತ್ತದೆ ಎಂಬ ಹೆದರಿಕೆ ಈಗಲೂ ಮನೆಗಳಲ್ಲಿದೆ, ಕಾಲೇಜು ಆಫೀಸುಗಳಲ್ಲೂ ಇದೆ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡಬೇಕು ಎನ್ನುತ್ತದೆ ಅದೇ ಕಾಯ್ದೆಯ 115ನೇ ಕಲಂ. ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈಯಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲಿ ಇಲ್ಲ. ತರಬೇತಿಯಲ್ಲಿ ಇದನ್ನು ಬಾಯಿಪಾಠ ಮಾಡಿಸಿದರೂ ತಪ್ಪಿಲ್ಲ.

ತಂದೆ ತಾಯಿಯರ ಜೊತೆ ಮಾತಾಡುವುದು ಮೆಂಟರಿಗೆ ಎಲ್ಲಕ್ಕಿಂತ ಕಷ್ಟ. ‘ನಮ್ಮ ಹುಡುಗಂಗೆ ಹುಚ್ಚು ಅಂತೀರೇನ್ರಿ?’ ಎಂದು ಎದ್ದು ನಿಂತ ಅಪ್ಪಂದಿರನ್ನು ಕಂಡಿದ್ದೇನೆ. ಅವರಲ್ಲಿ ಹಲವರು ಅಷ್ಟರಲ್ಲಾಗಲೇ ಮಗನನ್ನು ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಕ್ಷೇತ್ರಕ್ಕೆ ಕರೆದೊಯ್ದು, ತುಂಗಭದ್ರೆಯಲ್ಲಿ ಸ್ನಾನ ಮಾಡಿಸಿ, ಅಜ್ಜಯ್ಯನ ಮುಂದೆ ಅಮಾವಾಸ್ಯೆ ಮಾಡಿಸಿಕೊಂಡು ಬಂದಿರುತ್ತಾರೆ. ಅದನ್ನು ಹೀಗಳೆದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನಾನು ಹೇಳುವುದು ಇಷ್ಟು: ಅಜ್ಜಯ್ಯನ ಹತ್ತಿರ ಹೋಗಿ ಬಂದಿದ್ದೀರಿ, ಒಳ್ಳೆಯದು, ಮುಂದೆಯೂ ಹೋಗಿ, ಮಾತ್ರೆ ಬಿಡಿಸಬೇಡಿ. ಈ ಭಾಷೆಯಲ್ಲಿ ಮಾತಾಡುವುದನ್ನು ಹೇಳಿಕೊಡುವ ತರಬೇತುದಾರರು ಬೇಕು. ಇಂಗ್ಲಿಷ್ ಪವರ್ ಪಾಯಿಂಟ್ ತಂದು ಮೂವತ್ತು ಸ್ಲೈಡ್ ಓದುವವರಿಂದ ಆಗದು. ನಮ್ಮ ಜಿಲ್ಲಾ ತಂಡದ ಸಮಾಜ ಕಾರ್ಯಕರ್ತರು ದಿನಾ ಮಾತಾಡುವುದು ಇಂಥ ಅಪ್ಪಂದಿರ ಜೊತೆಯೇ. ಅವರನ್ನೇ ಕರೆಸಿ.

ಎರಡು ಜಿಲ್ಲೆಗಳ ಅಧ್ಯಾಪಕರೆಲ್ಲ ಒಂದೆಡೆ ಸೇರುವುದು ಮೌಲ್ಯಮಾಪನದ ಸಮಯದಲ್ಲಿ. ಆ ದಿನಗಳಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಟ್ಟರೆ ಪ್ರತ್ಯೇಕ ಟಿಎ, ಡಿಎ ಪ್ರಶ್ನೆಯೂ ಏಳುವುದಿಲ್ಲ. ಮುಂದಿನ ಸೆಮಿಸ್ಟರಿಗೆ ಮೆಂಟರುಗಳನ್ನು ಹಂಚುವ ಮೊದಲು ತಾಲ್ಲೂಕುವಾರು ಪುಟ ಕಾಲೇಜುಗಳಿಗೆ ಬರಲಿ. ಒಬ್ಬೊಬ್ಬರಿಗೆ ಎಷ್ಟು ವಿದ್ಯಾರ್ಥಿಗಳು ಎಂಬುದಕ್ಕೆ ಮಿತಿ ಇರಲಿ, ಅತಿಥಿ ಉಪನ್ಯಾಸಕರಿಗೆ ವಾರಕ್ಕೆ ಒಂದು ಗಂಟೆಯನ್ನಾದರೂ ಕಾರ್ಯಭಾರದಲ್ಲಿ ಸೇರಿಸಿ. ಪ್ರಾಂಶುಪಾಲರು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಹುಡುಕಿಕೊಡಲಿ. ಕ್ರೀಡಾ ಸಾಮಗ್ರಿಯ ಕೋಣೆಯಾದರೂ ಸರಿ, ಎರಡು ಕುರ್ಚಿ ಹಿಡಿದರೆ ಸಾಕು.

ಈ ಪತ್ರದ ಪ್ರತಿಯನ್ನು ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಅಧಿಕಾರಿಗಳಿಗೆ ಕಳಿಸುತ್ತಿದ್ದೇನೆ. ಪುಟ ಸಿದ್ಧಪಡಿಸುವ ಸಭೆ ಕರೆದರೆ ಬರಲು ನಮ್ಮಲ್ಲಿ ಕೆಲವರು ತಯಾರಿದ್ದೇವೆ. ಗುರುವಾರ ಬೇಡ, ಅವತ್ತು ನನಗೆ ಬೆಳಗಿನಿಂದ ಮೂರು ಪಾಠ ಇವೆ. ಉಳಿದ ಯಾವ ದಿನವಾದರೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅತಿಥಿ ಉಪನ್ಯಾಸಕ
ದಾವಣಗೆರೆ ಜಿಲ್ಲೆ